ಬುಧವಾರದ ಮನೆ

ಅಗ್ರಹಾರವೆಂಬುದು ಒಂದು ಕಾಲದಲ್ಲಿ ಬರಿಯ ಬೀದಿಯ ಹೆಸರಾಗಿರಲಿಲ್ಲ. ಅರಸನೋ ಸಿರಿವಂತನೋ ಭೂಮಿಯನ್ನು ದತ್ತಿಯಾಗಿ ಬಿಟ್ಟು, ಅದರ ಹುಟ್ಟುವಳಿಯಿಂದ ಓದುವವರ, ಓದಿಸುವವರ ಹೊಟ್ಟೆ ತುಂಬಲೆಂದು ಮಾಡಿದ ಏರ್ಪಾಟು ಅದು. ವಿದ್ಯೆಗಿಂತ ಮೊದಲು ಅನ್ನ ಬೇಕೆಂಬ ಸತ್ಯವನ್ನು ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಮೈಸೂರು ಜಿಲ್ಲೆಯ ಕೃಷ್ಣರಾಜನಗರ ತಾಲ್ಲೂಕಿನಲ್ಲಿ ಹೊಸ ಅಗ್ರಹಾರವೆಂಬ ಊರೊಂದಿದೆ. ಹೋಬಳಿಗೆ ಅದರದೇ ಹೆಸರು. 1918ರಲ್ಲಿ ತೆರೆದ ಮೈಸೂರು–ಅರಸೀಕೆರೆ ರೈಲುದಾರಿಯಲ್ಲಿ ಅದಕ್ಕೊಂದು ಸಣ್ಣ ನಿಲ್ದಾಣವೂ ಉಂಟು. ಹೆಸರೇನೋ ಅಗ್ರಹಾರ, ಆದರೆ ಹೆಚ್ಚಿನ ಓದು ಬೇಕೆಂದರೆ ಆ ಕಡೆಯ ಮಕ್ಕಳು ಊರು ಬಿಟ್ಟೇ ಹೊರಡಬೇಕಾಗಿತ್ತು. ಮೊದಲು ಕೃಷ್ಣರಾಜನಗರಕ್ಕೆ, ಆಮೇಲೆ ಮೈಸೂರಿಗೆ. ಒಂದು ಸಂತೆಯ ಊರು, ಇನ್ನೊಂದು ಅರಮನೆಯ ಊರು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು 40 ಕಿಲೋಮೀಟರ್ ದೂರ. ಆ ದೂರವನ್ನು ರೈಲು ಬಹು ಬೇಗ ದಾಟುತ್ತಿತ್ತು; ಹುಡುಗರ ಮನಸ್ಸು ದಾಟಲು ವರ್ಷಗಳೇ ಬೇಕಾಗುತ್ತಿದ್ದವು.

1955ರಲ್ಲಿ ಹಾಗೆ ಹೊರಟ ಹುಡುಗರಲ್ಲಿ ಹೊಸ ಅಗ್ರಹಾರದ ಕಡೆಯ ಬಡ ಬ್ರಾಹ್ಮಣರ ಮನೆಯವನೊಬ್ಬನಿದ್ದ. ಈಗ ಅವರು ಎಂಬತ್ತು ದಾಟಿದ ಹಿರಿಯರು. ಸರ್ಕಾರಿ ಹುದ್ದೆಯಲ್ಲಿದ್ದು ನಿವೃತ್ತರಾಗಿ ಮೈಸೂರಿನಲ್ಲಿಯೇ ನೆಲೆಸಿದ್ದಾರೆ. ಅವರ ಹೆಸರು ಇಲ್ಲಿ ಮುಖ್ಯವಲ್ಲ. ಅದೇ ದಾರಿಯಲ್ಲಿ ಹೋದ ಅನೇಕರ ಕತೆ ಇದೇ ಆದ್ದರಿಂದ ಹುಡುಗನೆಂದರೆ ಸಾಕು.

ಹುಡುಗ ಮೊದಲು ಕಂಡ ಪೇಟೆಯೆಂದರೆ ಕೃಷ್ಣರಾಜನಗರ. ಆ ಊರಿಗೂ ಆಗಿನ್ನೂ ಹೆಚ್ಚು ವಯಸ್ಸಾಗಿರಲಿಲ್ಲ. ಕಾವೇರಿಯ ದಡದ ಹಳೆಯ ಎಡತೊರೆ 1924ರ ಮಹಾಪ್ರವಾಹದಲ್ಲಿ ತತ್ತರಿಸಿದ ಮೇಲೆ, ಎತ್ತರದ ನೆಲದಲ್ಲಿ ಹೊಸದಾಗಿ ಕಟ್ಟಿಸಿದ ಊರು ಅದು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಹೊತ್ತಿತು. ಹೊಳೆಯ ದಡದಲ್ಲಿ ಅರ್ಕೇಶ್ವರ ದೇವಾಲಯ ಉಳಿಯಿತು; ಜನ ಮೇಲಕ್ಕೆ ಬಂದರು. ನೂಲು ಹಿಡಿದು ಎಳೆದಂತೆ ನೇರವಾದ ಬೀದಿಗಳು, ಅಗಲವಾದ ಚೌಕಗಳು. ಹಳ್ಳಿಯ ಓಣಿಗಳ ತಿರುವು ಮುರುವುಗಳಲ್ಲಿ ಬೆಳೆದ ಹುಡುಗನಿಗೆ ಅದೇ ಒಂದು ಸೋಜಿಗವಾಯಿತು. ಎಲ್ಲಿ ನಿಂತರೂ ಬೀದಿಯ ಕೊನೆ ಕಾಣುತ್ತದಲ್ಲ ಎಂದು ಅವನು ತಾಯಿಗೆ ಬೆರಗಿನಿಂದ ಹೇಳಿದನಂತೆ.

ಸಂತೆಯ ಊರಿನಲ್ಲಿ ವಿದ್ಯಾರ್ಥಿಯ ಬಾಳು ಊರಿನ ಬಾಳಿಗೆ ಅಂಟಿಕೊಂಡೇ ಇತ್ತು. ಮೂವರು ಹುಡುಗರು ಸೇರಿ ಒಂದು ಕೋಣೆ ಹಿಡಿದಿದ್ದರು. ಭತ್ತದ ನಾಡಾದ್ದರಿಂದ ಅಕ್ಕಿಗೆ ಅಷ್ಟೊಂದು ಬರವಿರಲಿಲ್ಲ. ಭಾನುವಾರ ಊರಿಗೆ ಹೋಗಿ, ಸೋಮವಾರ ಬೆಳಗ್ಗೆ ಅಕ್ಕಿಯ ಗಂಟು, ಹುಳಿಪುಡಿ, ಉಪ್ಪಿನಕಾಯಿಯ ಭರಣಿಯೊಂದಿಗೆ ಹಿಂದಿರುಗುವುದು. ಸರದಿಯ ಮೇಲೆ ಅನ್ನ ಬೇಯಿಸುವುದು. ಬೇಯಿಸಿದವನು ಪಾತ್ರೆ ತೊಳೆಯಬೇಕಾಗಿಲ್ಲವೆಂಬ ಒಪ್ಪಂದ. ಸಂತೆಯ ದಿನ ಅಪ್ಪ ಗಾಡಿಯಲ್ಲಿ ಬಂದರೆ ಕೋಣೆಯ ಬಾಗಿಲಲ್ಲಿ ಒಂದು ಕುಂಬಳಕಾಯಿಯೋ ಸೊಪ್ಪಿನ ಕಂತೆಯೋ ಕಾದಿರುತ್ತಿತ್ತು. ಮಂಡಿಯವರಿಂದ ಮೊದಲ್ಗೊಂಡು ಹಜಾಮರ ಅಂಗಡಿಯವರೆಗೆ ಎಲ್ಲರಿಗೂ ಅವನು ಇಂಥವರ ಮಗನೆಂಬುದು ಗೊತ್ತು. ತರಗತಿ ತಪ್ಪಿಸಿ ಹೊಳೆಗೆ ಈಜಲು ಹೋದರೆ, ಸುದ್ದಿ ಅವನಿಗಿಂತ ಮೊದಲೇ ಊರು ಮುಟ್ಟುತ್ತಿತ್ತು. ಬಡತನವಿತ್ತು; ಆದರೆ ಎಲ್ಲರೂ ಬಡವರಾಗಿದ್ದುದರಿಂದ ಅದಕ್ಕೊಂದು ಹೆಸರು ಬೇಕಾಗಿರಲಿಲ್ಲ.

ಹೆಸರು ಹುಟ್ಟಿದ್ದು ಮೈಸೂರಿನಲ್ಲಿ.

1958ರಲ್ಲಿ ಹುಡುಗ ಕಾಲೇಜಿಗೆಂದು ರೈಲು ಹತ್ತಿದ. ಸಾಗರಕಟ್ಟೆಯ ಬಳಿ ಕನ್ನಂಬಾಡಿಯ ಹಿನ್ನೀರಿನ ಮೇಲೆ ಗಾಡಿ ಸಾಗುವಾಗ ಎಲ್ಲರಂತೆ ಅವನೂ ಕಿಟಕಿಯ ಹೊರಗೆ ಕತ್ತು ಚಾಚಿ, ಕಣ್ಣಿಗೆ ಇದ್ದಿಲಿನ ಕಿಡಿ ಬೀಳಿಸಿಕೊಂಡ. ಮೈಸೂರು ಮಹಾನಗರವೇನೂ ಅಲ್ಲ. ರೈಲು ನಿಲ್ದಾಣದಿಂದ ಮಹಾರಾಜ ಕಾಲೇಜಿಗೆ ಕಾಲುನಡಿಗೆಯಲ್ಲಿ ಹೋಗಬಹುದು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಂಜೆ ತಿರುಗಾಡಿದರೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಎದುರುಬದುರಾಗುತ್ತಾರೆ. ಆದರೂ ಅದು ವಿದ್ಯೆಯ ದೊಡ್ಡ ಊರು. 1916ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯ. ರಾಧಾಕೃಷ್ಣನ್ ಅವರಂಥವರು ಪಾಠ ಹೇಳಿದ ಕಾಲೇಜು. ಆ ವರ್ಷಗಳಲ್ಲಿ ಕುವೆಂಪು ಅವರೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ಮಾನಸಗಂಗೋತ್ರಿ ರೂಪುಗೊಂಡದ್ದು 1960ರಲ್ಲಿ. ದೂರದಿಂದ ಅವರು ನಡೆದುಹೋಗುವುದನ್ನು ಕಂಡ ದಿನ ಹುಡುಗ ಅಪ್ಪನಿಗೆ ಕಾಗದ ಬರೆದ. ಆ ಕಾಗದದಲ್ಲಿ ಊಟದ ವಿಷಯವನ್ನು ಮಾತ್ರ ಬರೆಯಲಿಲ್ಲ.

ಊಟದ ವಿಷಯವೆಂದರೆ ವಾರಾನ್ನ. ಈಗಿನ ಕಿರಿಯ ವಾಚಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದೀತು. ಬಡ ವಿದ್ಯಾರ್ಥಿ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳಬೇಕು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹೀಗೆ ವಾರಕ್ಕೊಮ್ಮೆ ಒಂದೊಂದು ಮನೆಯಲ್ಲಿ ಊಟ. ಯಾರಿಗೂ ಭಾರವಾಗದಂತೆ ಹಿರಿಯರು ಕಂಡುಕೊಂಡ ಉಪಾಯ. ಲೆಕ್ಕಕ್ಕೆ ಬಹಳ ಸುಲಭ. ಉಣ್ಣುವುದು ಅಷ್ಟು ಸುಲಭವಲ್ಲ. ಗೊತ್ತಾದ ಹೊತ್ತಿಗೆ ಹೋಗಬೇಕು. ಮುಂಚೆ ಹೋದರೆ ಹಸಿದವನೆನ್ನುತ್ತಾರೆ, ತಡವಾದರೆ ಉದಾಸೀನನೆನ್ನುತ್ತಾರೆ. ಒಂದು ಮನೆಯಲ್ಲಿ ಯಜಮಾನರು ಊಟಕ್ಕೆ ಮೊದಲು ಇಂಗ್ಲಿಷ್ ವ್ಯಾಕರಣದ ಪರೀಕ್ಷೆ ಮಾಡುತ್ತಿದ್ದರು. ಇನ್ನೊಂದರಲ್ಲಿ ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡಬೇಕು. ಮತ್ತೊಂದರಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಆ ಮೌನವೇ ಎಲ್ಲಕ್ಕಿಂತ ಕಷ್ಟ. ಎರಡನೆಯ ಸಲ ಅನ್ನ ಬಡಿಸಲು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದನ್ನು ಹುಡುಗ ಮೊದಲ ವಾರದಲ್ಲಿಯೇ ಕಲಿತ.

ಏಳು ಮನೆ ಸಿಗಬೇಕಲ್ಲ. ಹುಡುಗನಿಗೆ ಸಿಕ್ಕಿದ್ದು ಆರು. ಗುರುವಾರ ಖಾಲಿ. ಗುರುವಾರ ರಾಯರ ಒಪ್ಪೊತ್ತು ಎಂದು ಕೋಣೆಯ ಗೆಳೆಯನಿಗೆ ಹೇಳಿ, ಗ್ರಂಥಾಲಯದಲ್ಲಿ ಕುಳಿತುಬಿಡುತ್ತಿದ್ದ. ತೀರ ತಡೆಯಲಾಗದಿದ್ದರೆ ಎರಡಾಣೆಯ ಕಡಲೆಪುರಿ. ಹಿಂದಿನ ವರ್ಷ, 1957ರ ಏಪ್ರಿಲ್‌ನಲ್ಲಿ, ನಯಾಪೈಸೆ ಚಲಾವಣೆಗೆ ಬಂದಿತ್ತು. ಅಂಗಡಿಯವನು ಎರಡಾಣೆಗೆ ಹನ್ನೆರಡು ಪೈಸೆಯೋ ಹದಿಮೂರೋ ಎಂದು ಚೌಕಾಸಿ ಮಾಡುವಾಗ, ಆ ಒಂದು ಪೈಸೆಗೆ ವಾದಿಸುವ ತನ್ನ ದನಿಯನ್ನು ತಾನೇ ಕೇಳಿ ಹುಡುಗ ನಾಚಿಕೆಪಟ್ಟದ್ದುಂಟು.

ಬುಧವಾರದ ಮನೆ ಚಾಮುಂಡಿಪುರದ ಕಡೆ ಒಂದು ವಠಾರದಲ್ಲಿತ್ತು. ಎರಡು ಕೋಣೆ, ಒಂದು ನಡುಮನೆ. ಯಜಮಾನರು ಯಾವುದೋ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ನಾಲ್ವರು ಮಕ್ಕಳು. ಮನೆಯಾಕೆ ಹುಡುಗನಿಗೆ ಸೊಸೈಟಿ ಅಕ್ಕಿಯ ಅನ್ನ, ತಿಳಿಸಾರು, ನೀರು ಮಜ್ಜಿಗೆ ಬಡಿಸುತ್ತಿದ್ದರು. ಅದಕ್ಕಿಂತ ಹೆಚ್ಚಿನದು ಆ ಮನೆಯಲ್ಲಿರಲಿಲ್ಲ. ಆದರೆ ಇತರ ಐದು ಮನೆಗಳಲ್ಲಿ ಯಾರೂ ಕೇಳದಿದ್ದ ಒಂದು ಪ್ರಶ್ನೆಯನ್ನು ಆಕೆ ಪ್ರತಿ ಬುಧವಾರವೂ ಕೇಳುತ್ತಿದ್ದರು: “ಅಮ್ಮನಿಂದ ಕಾಗದ ಬಂತೇನಪ್ಪ?” ತಾಯಿಗೆ ಬರೆಯಲು ಬಾರದು, ಅಪ್ಪನೇ ಬರೆಯಬೇಕು ಎಂದು ಅವನು ಹೇಳಿದ ಮೇಲೂ ಪ್ರಶ್ನೆ ಬದಲಾಗಲಿಲ್ಲ.

ಒಂದು ಬುಧವಾರ ಕೊನೆಯ ತರಗತಿ ನಡೆಯದೆ ಹುಡುಗ ಬೇಗ ಹೊರಟ. ವಠಾರದ ಬಾಗಿಲಿಗೆ ಬರುವಷ್ಟರಲ್ಲಿ ಆಕೆ ಪಕ್ಕದ ಮನೆಯವರ ಹೊಸ್ತಿಲಲ್ಲಿ ಸೆರಗಿನ ಮರೆಯಲ್ಲಿ ಪಾತ್ರೆ ಹಿಡಿದು ನಿಂತಿದ್ದರು. ಪಕ್ಕದ ಮನೆಯವರು ಪಾವಿನಲ್ಲಿ ಅಕ್ಕಿ ಅಳೆದು ಹಾಕುತ್ತಿದ್ದರು. “ಆ ಹುಡುಗ ಬರೋ ಹೊತ್ತಾಯ್ತು, ಶನಿವಾರ ಕೊಟ್ಟುಬಿಡ್ತೀನಿ” ಎಂಬ ಮಾತು ಹುಡುಗನ ಕಿವಿಗೆ ಬಿತ್ತು. ಅವನು ಸದ್ದಿಲ್ಲದೆ ಹಿಂದಕ್ಕೆ ತಿರುಗಿದ. ಮರುವಾರವೂ ಹೋಗಲಿಲ್ಲ, ಅದರ ಮರುವಾರವೂ ಹೋಗಲಿಲ್ಲ. ಗುರುವಾರದ ಜೊತೆಗೆ ಬುಧವಾರವೂ ಖಾಲಿಯಾಯಿತು.

ಮೂರನೆಯ ಬುಧವಾರ ಆ ಮನೆಯ ಹಿರಿಯ ಮಗ ಕೋಣೆಯನ್ನು ಹುಡುಕಿಕೊಂಡು ಬಂದ. ಅಮ್ಮ ಕರೆತರಲು ಹೇಳಿದ್ದಾರೆ, ಬರದಿದ್ದರೆ ತಾವೇ ಬರುತ್ತಾರಂತೆ ಎಂದ. ಹುಡುಗ ಹೋದ. ಆಕೆ ಎಲೆ ಹಾಕಿ, ನೀರಿಟ್ಟು, ಬಡಿಸಿದ ಮೇಲೆ ಕೇಳಿದರು: “ನೀನು ಉಣ್ಣೋದು ನಮಗೆ ಭಾರ ಅಂತ ನಿನಗೆ ಯಾರು ಹೇಳಿದರು?” ಹುಡುಗ ತಲೆಯೆತ್ತಲಿಲ್ಲ. “ನಾನೇನು ನಿನಗೋಸ್ಕರ ಒಬ್ಬಳೇ ಸಾಲ ಮಾಡ್ತೀನಾ? ಮಕ್ಕಳಿಗೂ ಮಾಡ್ತೀನಿ. ಅವರೇನು ಊಟ ಬಿಟ್ಟಿದಾರೆಯೆ?” ಎಂದರು. ಅಂದು ಹುಡುಗ ಎಲೆಯ ಮೇಲೆ ಕೈ ಅಡ್ಡ ಹಿಡಿಯಲಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಅವನು ತಾಯಿಗೆ ಎಲ್ಲವನ್ನೂ ಹೇಳಿದ. ತಾಯಿ ಮಾತನಾಡದೆ ಎದ್ದು, ಹೊಸ ಭತ್ತದ ಅಕ್ಕಿಯನ್ನು ಚೀಲಕ್ಕೆ ತುಂಬಿ ಬಾಯಿ ಹೊಲಿದಳು. ಹುಡುಗ ಅದನ್ನು ಹೆಗಲ ಮೇಲಿಟ್ಟು ಹೊಸ ಅಗ್ರಹಾರದಲ್ಲಿ ರೈಲು ಹತ್ತಿ, ಮೈಸೂರಿನಲ್ಲಿ ಇಳಿದು, ಬುಧವಾರದ ಮನೆಯ ನಡುಮನೆಯಲ್ಲಿ ಇಳಿಸಿದ. ಆಕೆ ಚೀಲವನ್ನು ನೋಡಿ ಮುಖ ಬಿಗಿದುಕೊಂಡರು. “ಇದು ಊಟದ ಬೆಲೆಯಾದರೆ ಎತ್ತಿಕೊಂಡು ಹೋಗು. ನಿಮ್ಮಮ್ಮ ನನ್ನನ್ನ ತಂಗಿ ಅಂತ ತಿಳಿದು ಕಳಿಸಿದ್ದರೆ ಇಟ್ಟುಕೊಳ್ತೀನಿ.” ತಂಗಿಯೆಂದೇ ತಿಳಿದು ಕಳಿಸಿದ್ದಾಳೆ ಎಂದ ಹುಡುಗ. ಅವರು ಹೊಲಿಗೆ ಬಿಚ್ಚಿ, ಮೊದಲು ಒಂದು ಪಾವು ಅಳೆದು ಪಕ್ಕದ ಮನೆಗೆ ಕೊಟ್ಟುಬಂದರು.

ಆ ಬಾಗಿಲು ಈ ಹುಡುಗನಿಗೆ ತೆರೆದದ್ದು ಎಷ್ಟು ನಿಜವೋ, ಎಲ್ಲ ಹುಡುಗರಿಗೂ ಅದು ತೆರೆಯುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ. ವಾರಾನ್ನ ಜಾತಿಯ ಅಂಕೆಯೊಳಗೆ ನಡೆಯುತ್ತಿದ್ದ ಔದಾರ್ಯ. ಅದರ ಹೊರಗಿದ್ದವರ ಹಸಿವಿಗೆ ಬೇರೆ ದಾರಿಗಳನ್ನು ಹುಡುಕಬೇಕಾಗಿತ್ತು. ವಿದ್ಯಾರ್ಥಿಗಳ ಊಟ ವಸತಿಯ ಕೆಲಸಕ್ಕೆ ಮೈಸೂರಿನಲ್ಲಿ ಅನೇಕರು ಕೈಹಾಕಿದರು. ಮಲೆನಾಡಿನಿಂದ ಬಂದ ಕುವೆಂಪು ಅವರಿಗೆ ವಿದ್ಯಾರ್ಥಿದೆಸೆಯಲ್ಲಿ ನೆರಳಾದದ್ದು ಶ್ರೀರಾಮಕೃಷ್ಣಾಶ್ರಮ. ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು ಹಳ್ಳಿಯ ಮಕ್ಕಳಿಗಾಗಿ ಉಚಿತ ವಿದ್ಯಾರ್ಥಿನಿಲಯ ನಡೆಸಿದರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಅವರು ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿದವರು. 1972ರಲ್ಲಿ ಮುಖ್ಯಮಂತ್ರಿಗಳಾದ ಮೇಲೆ ಅವರ ಸರ್ಕಾರ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳನ್ನು ವಿಸ್ತರಿಸಿತು. ಒಬ್ಬರ ದಯೆಯಾಗಿದ್ದ ಅನ್ನ ಹೀಗೆ ಮೆಲ್ಲಮೆಲ್ಲನೆ ವಿದ್ಯಾರ್ಥಿಯ ಹಕ್ಕಾಗುತ್ತ ಬಂದಿತು. ಹಕ್ಕಿನ ಅನ್ನ ಉಣ್ಣುವವನು ತಲೆ ತಗ್ಗಿಸಬೇಕಾಗಿಲ್ಲ. ಇದಕ್ಕಿಂತ ದೊಡ್ಡ ಲಾಭ ಯಾವುದುಂಟು?

ಇದು ಈ ನಾಡಿನ ಮಾತಷ್ಟೇ ಅಲ್ಲ. ಇಂಗ್ಲೆಂಡಿನ ವೂಲ್ಸ್‌ಥಾರ್ಪ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಹುಡುಗನೊಬ್ಬ ಹತ್ತಿರದ ಸಂತೆಯ ಊರಾದ ಗ್ರಾಂಥಮ್‌ನಲ್ಲಿ ಔಷಧದಂಗಡಿಯವನೊಬ್ಬನ ಮನೆಯಲ್ಲಿದ್ದು ಶಾಲೆಗೆ ಹೋದ. 1661ರಲ್ಲಿ ಕೇಂಬ್ರಿಜ್ ಎಂಬ ಸಣ್ಣ ಪಟ್ಟಣದ ಟ್ರಿನಿಟಿ ಕಾಲೇಜನ್ನು ಸೇರಿದ. ಅಲ್ಲಿ ಅವನು ಸೇರಿದ್ದು ಸೈಜರ್ ಎಂಬ ಬಡ ವಿದ್ಯಾರ್ಥಿಗಳ ಗುಂಪಿಗೆ. ಉಳ್ಳವರಿಗೆ ಊಳಿಗ ಮಾಡುತ್ತ, ಅದರಿಂದಲೇ ಊಟ ಪಾಠಗಳ ಖರ್ಚು ತಗ್ಗಿಸಿಕೊಳ್ಳುವುದು ಅವರ ಪಾಡಾಗಿತ್ತು. ಆ ಹುಡುಗನೇ ಐಸಾಕ್ ನ್ಯೂಟನ್. ಹಳ್ಳಿ, ಸಂತೆಯ ಊರು, ವಿದ್ಯೆಯ ಊರು. ಈ ಮೂರು ಮೆಟ್ಟಿಲುಗಳೂ, ಪರರ ಮನೆಯ ಅನ್ನವೂ ಅಲ್ಲಿಯೂ ಇದ್ದವು.

ಆದರೆ ಉಂಡವರು ಅದನ್ನು ಹೇಳುವುದಿಲ್ಲ. ಎಸ್. ಎಲ್. ಭೈರಪ್ಪನವರು ತಮ್ಮ ಆತ್ಮಕಥೆ ‘ಭಿತ್ತಿ’ಯಲ್ಲಿ ಬಡ ವಿದ್ಯಾರ್ಥಿಯ ದಿನಗಳನ್ನು ಮುಚ್ಚುಮರೆಯಿಲ್ಲದೆ ಬರೆದರು, ಅಂಥವರು ವಿರಳ. ಹೊಸ ಅಗ್ರಹಾರದ ಕಡೆಯ ಹುಡುಗ ಪದವೀಧರನಾದ, ನೌಕರಿ ಹಿಡಿದ, ಮನೆ ಕಟ್ಟಿದ. ಮದುವೆಯ ಲಗ್ನಪತ್ರಿಕೆಯನ್ನು ಆರು ಮನೆಗಳಿಗೂ ಕಳುಹಿಸಲಿಲ್ಲ. ಬೀಗರೆದುರು ಯಾರಾದರೂ, “ಅಯ್ಯೋ, ಇವನು ನಮ್ಮಲ್ಲಿ ವಾರದ ಊಟ ಮಾಡುತ್ತಿದ್ದವನಲ್ಲವೆ?” ಎಂದುಬಿಟ್ಟರೆ ಎಂಬ ಅಂಜಿಕೆ. ಮಕ್ಕಳಿಗೆ ತನ್ನ ಬಾಲ್ಯದ ಕತೆ ಹೇಳುವಾಗಲೆಲ್ಲ ಕೃಷ್ಣರಾಜನಗರದ ಹೊಳೆ, ಈಜು, ಚುಂಚನಕಟ್ಟೆಯ ಜಾತ್ರೆಯ ದನಗಳು ಬರುತ್ತಿದ್ದವು. ಮೈಸೂರಿನ ಕತೆ ಕುಕ್ಕರಹಳ್ಳಿ ಕೆರೆಯ ಬಳಿ ಆರಂಭವಾಗಿ ಗ್ರಂಥಾಲಯದಲ್ಲಿ ಮುಗಿಯುತ್ತಿತ್ತು. ಬುಧವಾರಗಳಿಗೆ ಅದರಲ್ಲಿ ಜಾಗವಿರಲಿಲ್ಲ.

ಉಪ್ಪಿಟ್ಟವರನ್ನು ಮುಪ್ಪಿನವರೆಗೂ ನೆನೆ ಎಂಬ ಗಾದೆಯನ್ನು ಕನ್ನಡ ಬಲ್ಲವರೆಲ್ಲ ಕೇಳಿದ್ದಾರೆ. ಅವರು ನೆನೆಯದೆ ಇರಲಿಲ್ಲ. ಬಾಯಿ ಬಿಟ್ಟು ನೆನೆಯಲಿಲ್ಲ ಅಷ್ಟೇ. ನಿವೃತ್ತರಾಗಿ ಮೈಸೂರಿಗೆ ಹಿಂದಿರುಗಿದ ಮೇಲೆ ಒಂದು ಸಂಜೆ ಆ ಬೀದಿಗೆ ಹೋದರು. ವಠಾರವಿರಲಿಲ್ಲ. ಅದಿದ್ದ ಸ್ಥಳದಲ್ಲಿ ಮೂರಂತಸ್ತಿನ ಕಟ್ಟಡ. ಕೆಳಗೆ ಮೊಬೈಲು ದುರಸ್ತಿಯ ಅಂಗಡಿ. ಅಂಗಡಿಯ ತರುಣನಿಗೆ ಹಿಂದಿನವರು ಯಾರೆಂಬುದು ತಿಳಿಯದು. ಆ ತಾಯಿಯ ಹೆಸರೇನೆಂದು ಅವನು ಕೇಳಿದಾಗ ಇವರಿಗೆ ಉತ್ತರ ಹೊಳೆಯಲಿಲ್ಲ. ಮೂರು ವರ್ಷ ಆಕೆಯ ಕೈಯ ಅನ್ನ ಉಂಡವರಿಗೆ ಆಕೆಯ ಹೆಸರು ಗೊತ್ತಿರಲಿಲ್ಲ. ಆಗ ಕೇಳುವ ಪದ್ಧತಿಯಿರಲಿಲ್ಲ. ಈಗ ಕೇಳಲು ಯಾರೂ ಇರಲಿಲ್ಲ.

ಈಚೆಗೆ ಅವರ ಮನೆಯ ಹಿಂಭಾಗದ ಕೋಣೆಗೆ ಒಬ್ಬ ವಿದ್ಯಾರ್ಥಿನಿ ಬಾಡಿಗೆಗೆ ಬಂದಳು. ಹೊಸ ಅಗ್ರಹಾರ ಹೋಬಳಿಯದೇ ಒಂದು ಹಳ್ಳಿಯ ಹುಡುಗಿ. ಮೈಸೂರಿನಲ್ಲಿ ಪದವಿ ತರಗತಿ. ಕಾಲ ಬದಲಾಗಿದೆ. ಇದ್ದಿಲಿನ ರೈಲು ಹೋಗಿದೆ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನ ಪ್ರಯಾಣವೂ ಉಚಿತ. ಶನಿವಾರ ಅವಳು ಊರಿಗೆ ಹೋಗುತ್ತಾಳೆ, ಸೋಮವಾರ ಗಂಟುಮೂಟೆಯೊಂದಿಗೆ ಹಿಂದಿರುಗುತ್ತಾಳೆ. ಆ ಗಂಟಿನ ಆಕಾರ ಮಾತ್ರ ಅವರಿಗೆ ಗುರುತು ಸಿಕ್ಕಿತು. ಸೋಮವಾರ, ಮಂಗಳವಾರ ಹಿಂದಿನ ಕೋಣೆಯಿಂದ ಒಗ್ಗರಣೆಯ ವಾಸನೆ ಬರುತ್ತದೆ. ಬುಧವಾರದ ಹೊತ್ತಿಗೆ ನಿಲ್ಲುತ್ತದೆ. ಒಂದು ದಿನ ಅವರ ಪತ್ನಿ, “ಆ ಮಗು ರಾತ್ರಿ ಬಿಸ್ಕತ್ತು ತಿಂದು ಮಲಗುತ್ತೆ ಅಂತ ಕಾಣುತ್ತೆ, ಕೇಳಿದರೆ ಹಸಿವಿಲ್ಲ ಅನ್ನುತ್ತೆ” ಎಂದರು.

ಹಿರಿಯರು ಎದ್ದು ಹಿತ್ತಲಿಗೆ ಹೋದರು. “ಬುಧವಾರ ರಾತ್ರಿ ಊಟಕ್ಕೆ ನಮ್ಮಲ್ಲಿಗೆ ಬಾರಮ್ಮ” ಎಂದರು. ಹುಡುಗಿ ಗಾಬರಿಯಾದಳು. “ಬೇಡ ತಾತ, ನಿಮಗ್ಯಾಕೆ ತೊಂದರೆ?” ಆ ಮಾತಿನ ಹಿಂದೆ ಅಡಗಿದ್ದುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಜಾತಿ ಯಾವುದೆಂದು ಅವರು ಕೇಳಲಿಲ್ಲ. ಹೆಸರನ್ನು ಮಾತ್ರ ಕೇಳಿ, ಎರಡು ಸಲ ಹೇಳಿಸಿ ನೆನಪಿಟ್ಟುಕೊಂಡರು; ಅವಳಿಗೆ ತಮ್ಮ ಪತ್ನಿಯ ಹೆಸರನ್ನೂ ಹೇಳಿದರು.

ಬುಧವಾರ ರಾತ್ರಿ ಮೂವರೂ ಊಟಕ್ಕೆ ಕುಳಿತಾಗ ಪತ್ನಿ ಕೇಳಿದರು: “ಕರೆದದ್ದು ಸರಿ, ಬುಧವಾರವೇ ಯಾಕೆ?”

ಅವರು ತಕ್ಷಣ ಉತ್ತರ ಕೊಡಲಿಲ್ಲ. ಆಮೇಲೆ ಆರು ಮನೆಗಳ ಕತೆಯನ್ನು ಮೊದಲಿನಿಂದ ಹೇಳಿದರು: ಗುರುವಾರದ ಗ್ರಂಥಾಲಯ, ಸೆರಗಿನ ಮರೆಯ ಪಾತ್ರೆ, ಬಾಯಿ ಹೊಲಿದ ಅಕ್ಕಿಯ ಚೀಲ, ಹೆಸರು ತಿಳಿಯದ ತಾಯಿ. ತಟ್ಟೆಯಲ್ಲಿ ಅನ್ನ ಆರಿಹೋಯಿತು. ಐವತ್ತು ವರ್ಷಕ್ಕೂ ಮೀರಿದ ದಾಂಪತ್ಯದಲ್ಲಿ ಪತ್ನಿ ಈ ಮಾತು ಕೇಳಿದ್ದು ಅಂದೇ ಮೊದಲು. “ನನಗೆ ಹೇಳಬಾರದಾಗಿತ್ತೆ?” ಎಂದರು. ಅವರಲ್ಲಿ ಉತ್ತರವಿರಲಿಲ್ಲ. ಹುಡುಗಿ ತಲೆ ತಗ್ಗಿಸಿ ಕೇಳುತ್ತಿದ್ದವಳು, ಪತ್ನಿ ಮತ್ತೆ ಅನ್ನ ಬಡಿಸಲು ಬಂದಾಗ ಅಡ್ಡ ಬಂದಿದ್ದ ಕೈಯನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡಳು.

ಮುಂದಿನ ಸೋಮವಾರ ಅವಳು ಊರಿನಿಂದ ಬರುವಾಗ ಒಂದು ಚೀಲ ಅವರೆಕಾಯಿ ತಂದು ಅಡಿಗೆಮನೆಯ ಬಾಗಿಲಲ್ಲಿಟ್ಟಳು. ಅಮ್ಮ ಕೊಟ್ಟುಕಳಿಸಿದರು ಎಂದಷ್ಟೇ ಹೇಳಿ, ಏನೆನ್ನುತ್ತಾರೋ ಎಂದು ನಿಂತುಕೊಂಡಳು. ಹಿರಿಯರ ಪತ್ನಿ ಚೀಲವನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿದರು. ನೆಲದ ಮೇಲೆ ಪತ್ರಿಕೆ ಹರಡಿ, ಅವರೆಕಾಯಿ ಸುರಿದು, ಹುಡುಗಿಗೊಂದು ಮಣೆ ಹಾಕಿದರು.

“ನಿಂತೇ ಇದೀಯಲ್ಲೆ, ಬಾ. ಕೂತುಕೊಂಡು ಸುಲಿ.”